ಟಿಸಿಪಿಯೋ ಯುಡಿಪಿಯೋ?

ಎರಡು ಕಂಪ್ಯೂಟರುಗಳಲ್ಲಿರುವ ಪ್ರೋಗ್ರಾಂಗಳು ಮಾತಾಡಬೇಕು. ಆ ಮಾತುಕತೆಗೆ ಟಿಸಿಪಿ (TCP), ಯುಡಿಪಿ (UDP) ಅಂತ ಎರಡು ಪ್ರೋಟೊಕಾಲ್‌ಗಳಿವೆ, ಅಂದರೆ ಡೇಟಾ ಸಾಗಿಸುವ ನಿಯಮಗಳು. ಕೋಡಿನಲ್ಲಿ ಸಾಕೆಟ್ (ಸಂಪರ್ಕದ ಈ ಕಡೆಯ ತುದಿ) ತೆರೆಯುವ ಸಾಲಿಗೆ ಬಂದ ಕೂಡಲೇ, ಯಾವುದನ್ನು ಆರಿಸಬೇಕು ಎಂಬ ಪ್ರಶ್ನೆ ಎದುರಾಗುತ್ತದೆ.

ಟಿಸಿಪಿ ಮೊದಲು ಮೂರು ಪ್ಯಾಕೆಟ್‌ಗಳಲ್ಲಿ (ಡೇಟಾದ ಸಣ್ಣ ಪೊಟ್ಟಣಗಳಲ್ಲಿ) ವಿಚಾರಿಸಿಕೊಳ್ಳುತ್ತದೆ: ‘ಕೇಳಿಸ್ತಾ?’, ‘ಕೇಳಿಸ್ತು, ನಿಂಗೆ?’, ‘ಹ್ಞೂಂ’. ದಾರಿಯಲ್ಲಿ ಕಳೆದದ್ದನ್ನು ಮತ್ತೆ ಕಳಿಸುತ್ತದೆ, ಕ್ರಮ ತಪ್ಪಿಸುವುದಿಲ್ಲ. ಯುಡಿಪಿ ಬೆಳಗ್ಗೆ ಪೇಪರ್ ಎಸೆದು ಹೋಗುವ ಹುಡುಗನ ಹಾಗೆ. ಬಾಗಿಲಿಗೆ ಬಿತ್ತೋ ಚರಂಡಿಗೋ, ತಿರುಗಿ ನೋಡುವುದಿಲ್ಲ. ಅದರ ಹೆಡರ್, ಅಂದರೆ ಡೇಟಾದ ಮುಂದೆ ಅಂಟಿಸುವ ವಿವರದ ಚೀಟಿ, ಬರೀ 8 ಬೈಟ್. ಟಿಸಿಪಿಯದ್ದು ಕನಿಷ್ಠ 20.

ಹೊಸಬರು ಎಡವುವುದು ಬೇರೆ ಕಡೆ. ಟಿಸಿಪಿಯಲ್ಲಿ ಸಂದೇಶಕ್ಕೆ ಗಡಿ ಇಲ್ಲ, ನಲ್ಲಿ ನೀರಿನಂತೆ ಬೈಟುಗಳು ಹರಿಯುತ್ತವೆ. ‘ಹಾಲು’, ‘ಮೊಸರು’ ಅಂತ ಎರಡು ಸಲ ಕಳಿಸಿದರೆ ಆ ಕಡೆ ‘ಹಾಲುಮೊಸರು’ ಅಂತ ಒಟ್ಟಿಗೇ ಸಿಗಬಹುದು. ‘ಹಾಲುಮೊ’ ಅಂತ ಅರ್ಧವೂ ಸಿಗಬಹುದು! ಇದರ ಹಿಂದೆ ನಾನು ಒಂದಿಡೀ ರಾತ್ರಿ ಕಳೆದಿದ್ದೇನೆ. ಪ್ರತಿ ಸಂದೇಶದ ಮುಂದೆ ಅದರ ಉದ್ದ ಬರೆದು ಕಳಿಸಿ, ಕಾಟ ತಪ್ಪುತ್ತದೆ. ಯುಡಿಪಿಯಲ್ಲಿ ಈ ರಗಳೆ ಇಲ್ಲ. ಬಂದರೆ ಇಡಿಯಾಗಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ.

ಹಣ, ಫೈಲು, ಚಾಟ್, ಡೇಟಾಬೇಸ್ ಅಂದರೆ ಯೋಚಿಸಬೇಡಿ, ಟಿಸಿಪಿ. ವಿಡಿಯೊ ಕರೆ, ಓಟದ ಆಟಗಳಿಗೆ ಯುಡಿಪಿ. ಅರ್ಧ ಸೆಕೆಂಡು ಹಳೆಯ ದನಿ ಮತ್ತೆ ಬಂದು ಏನು ಪ್ರಯೋಜನ, ಅಲ್ವಾ?

ವೇಗ ಜಾಸ್ತಿ ಅಂತ ಸುಮ್ನೆ ಯುಡಿಪಿ ಹಿಡಿದು, ಆಮೇಲೆ ಕಳೆದದ್ದನ್ನು ಮತ್ತೆ ಕಳಿಸುವುದು, ಕ್ರಮ ಎಲ್ಲ ನೀವೇ ಬರೆಯಲು ಹೊರಟರೆ ಕೈಯಲ್ಲಿ ಉಳಿಯುವುದು ಅರೆಬೆಂದ ಟಿಸಿಪಿ. ಅಂಥ ಭರವಸೆಯೂ ಬೇಕಿದ್ದರೆ ಯುಡಿಪಿ ಮೇಲೆಯೇ ಕಟ್ಟಿದ ಕ್ವಿಕ್ (QUIC) ಎಂಬ ಪ್ರೋಟೊಕಾಲ್ ಇದೆ. 2021ರಲ್ಲಿ ಅದರ ಮಾನಕ ಬಂತು. ವೆಬ್ ಪುಟಗಳನ್ನು ತರುವ ಎಚ್‌ಟಿಟಿಪಿ 3 ಓಡುವುದು ಅದರ ಮೇಲೇ.