ಪೋಸ್ಟ್‌ಕಾರ್ಡ್ ಅಳತೆಯ ಫೋಟೋ ಪ್ರಿಂಟರ್: ಮನೆಗೆ ಸರಿ, ಶಾಲೆಗೆ ಅರ್ಧ ಸರಿ

ಮನೆಯಲ್ಲಿದ್ದ ಇಂಕ್‌ಜೆಟ್ ಪ್ರಿಂಟರಿನ ನಳಿಕೆಗಳು ಮೂರನೆಯ ಬಾರಿ ಕಟ್ಟಿಕೊಂಡಾಗ, ಫೋಟೋಗಳಿಗೆಂದೇ ಒಂದು ಪುಟ್ಟ ಡೈ-ಸಬ್ಲಿಮೇಶನ್ (ಶಾಖದಿಂದ ಕಾಗದಕ್ಕೆ ಬಣ್ಣ ಇಳಿಸುವ) ಪ್ರಿಂಟರನ್ನು ಕೊಂಡೆ. ಒಂದು ವರ್ಷದಿಂದ ಅದು ಮನೆಗೂ ನಾನು ಪಾಠ ಹೇಳುವ ಶಾಲೆಗೂ ಓಡಾಡುತ್ತಿದೆ. ತಿಂಗಳಿಗೊಮ್ಮೆ ನಾಲ್ಕಾರು ಚಿತ್ರ ಮುದ್ರಿಸುವವರಿಗೆ ಇದು ಇಂಕ್‌ಜೆಟ್‌ಗಿಂತ ಮೇಲು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಶಾಲೆಯ ವಿಷಯದಲ್ಲಿ ಮಾತ್ರ ಅಷ್ಟು ಧೈರ್ಯವಾಗಿ ಹೇಳಲಾರೆ.

ಈ ಯಂತ್ರದಲ್ಲಿ ದ್ರವರೂಪದ ಶಾಯಿಯೇ ಇಲ್ಲ. ತೆಳುವಾದ ರಿಬ್ಬನ್ನಿನ ಮೇಲೆ ಹಳದಿ, ಮಜೆಂಟಾ (ನೇರಳೆ ಬೆರೆತ ಕೆಂಪು), ಸಯಾನ್ (ಹಸಿರು ಬೆರೆತ ನೀಲಿ) ಬಣ್ಣಗಳ ಪಟ್ಟಿಗಳೂ ಅವುಗಳ ಹಿಂದೆ ಪಾರದರ್ಶಕ ಲೇಪದ ಒಂದು ಪಟ್ಟಿಯೂ ಸಾಲಾಗಿರುತ್ತವೆ. ಕಾಗದವು ನಾಲ್ಕು ಸಲ ಹಿಂದಕ್ಕೂ ಮುಂದಕ್ಕೂ ಸರಿಯುವಾಗ, ಬಿಸಿಯಾದ ಮುದ್ರಣ ತಲೆಯು ಒಂದೊಂದು ಸಲಕ್ಕೆ ಒಂದೊಂದು ಬಣ್ಣವನ್ನು, ಕೊನೆಗೆ ಲೇಪವನ್ನು ಅದರ ಮೇಲ್ಪದರಕ್ಕೆ ಇಳಿಸುತ್ತದೆ. ಮೊದಲು ಹಳದಿ ನೆರಳಿನಂತಿದ್ದ ಮುಖವು ಎರಡನೆಯ ಸುತ್ತಿಗೆ ಕೆಂಪೇರಿ, ಮೂರನೆಯದಕ್ಕೆ ತನ್ನ ನಿಜವಾದ ಬಣ್ಣಕ್ಕೆ ಬರುವುದನ್ನು ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಾರೆ. ಬಣ್ಣಗಳ ಬೆರಕೆಯನ್ನು ಹೇಳಿಕೊಡಲು ಇದಕ್ಕಿಂತ ಸುಲಭವಾದ ಪ್ರಯೋಗ ನನಗೆ ಸಿಕ್ಕಿಲ್ಲ. ಒಣಗುವ ದ್ರವವಿಲ್ಲದ್ದರಿಂದ ಯಂತ್ರವನ್ನು ತಿಂಗಳುಗಟ್ಟಲೆ ಕಪಾಟಿನಲ್ಲಿಟ್ಟರೂ ನಳಿಕೆ ಕಟ್ಟುವ ಪ್ರಶ್ನೆ ಏಳುವುದಿಲ್ಲ, ಅದನ್ನು ಶುಚಿಗೊಳಿಸುವ ನೆಪದಲ್ಲಿ ಶಾಯಿ ಸೋರಿಹೋಗುವುದೂ ಇಲ್ಲ. ಕೊನೆಯ ಲೇಪದ ಕಾರಣದಿಂದ ಒದ್ದೆ ಬೆರಳು ತಾಗಿದರೂ ಚಿತ್ರ ಕದಡುವುದಿಲ್ಲ.

ಮುದ್ರಣದ ಸಾಂದ್ರತೆ ಇಂಚಿಗೆ 300 ಚುಕ್ಕೆ ಮಾತ್ರ. ಇಂಕ್‌ಜೆಟ್‌ಗಳ ಜಾಹೀರಾತಿನಲ್ಲಿ ಸಾವಿರಗಳ ಲೆಕ್ಕ ಕಂಡವರಿಗೆ ಇದು ಬಡತನವೆನಿಸಬಹುದು. ಆದರೆ ಇಲ್ಲಿ ಪ್ರತಿಯೊಂದು ಚುಕ್ಕೆಯೂ ತಿಳಿಯಿಂದ ಗಾಢದವರೆಗೆ ನೂರಾರು ಛಾಯೆಗಳನ್ನು ತಾಳಬಲ್ಲದಾದ್ದರಿಂದ ಕೆನ್ನೆಯ ನುಣುಪು, ಆಕಾಶದ ಏರಿಳಿತ ಎಲ್ಲವೂ ಕಣಕಣವಾಗದೆ ಬರುತ್ತವೆ. 6×4 ಇಂಚಿನ ಪ್ರತಿಗೆ 1800×1200 ಪಿಕ್ಸೆಲ್‌ಗಳಿದ್ದರೆ, ಅಂದರೆ ಸುಮಾರು 2.2 ಮೆಗಾಪಿಕ್ಸೆಲ್‌ಗಳಿದ್ದರೆ ಸಾಕು. ಹಳೆಯ ಸ್ಮಾರ್ಟ್‌ಫೋನ್ ಕೂಡ ಇದನ್ನು ಕೊಡುತ್ತದೆ. ಕೆಡುವುದು ನಡುದಾರಿಯಲ್ಲಿ: ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದ ಚಿತ್ರವು ಕುಗ್ಗಿ ಬರುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದ ಹಾಗೆಯೇ ಬರುತ್ತದೆ. ಪಾಲಕರಿಗೆ ಇದನ್ನು ಮನವರಿಕೆ ಮಾಡಿಸಲು ನನಗೆ ಪ್ರಿಂಟರ್ ಕಲಿಯುವುದಕ್ಕಿಂತ ಹೆಚ್ಚು ಸಮಯ ಹಿಡಿಯಿತು.

ಅಂಚಿನ ವಿಷಯದಲ್ಲಿ ಎಲ್ಲರೂ ಒಮ್ಮೆಯಾದರೂ ಎಡವುತ್ತಾರೆ. ಫೋನಿನ ಚಿತ್ರದ ಅಗಲ ಎತ್ತರಗಳು ಸಾಮಾನ್ಯವಾಗಿ 4:3ರ ಅನುಪಾತದಲ್ಲಿದ್ದರೆ, 6×4 ಇಂಚಿನ ಹಾಳೆ 3:2ರದ್ದು. ಅಡ್ಡಲಾಗಿ ತೆಗೆದ ಚಿತ್ರವನ್ನು ಅಂಚಿಲ್ಲದೆ ತುಂಬಿಸಿದರೆ ಎತ್ತರದಲ್ಲಿ ಒಂಬತ್ತನೆಯ ಒಂದು ಭಾಗ ಕತ್ತರಿಸಿಹೋಗುತ್ತದೆ. ನಮ್ಮ ಗುಂಪುಚಿತ್ರವೊಂದರಲ್ಲಿ ಹಿಂದಿನ ಸಾಲಿನ ಎತ್ತರದ ಹುಡುಗನ ನೆತ್ತಿ ಹಾರಿಹೋದದ್ದು ಹೀಗೆ. ತಪ್ಪು ಪ್ರಿಂಟರಿನದಲ್ಲ, ಪೂರ್ವನೋಟ ನೋಡದೆ ಗುಂಡಿ ಒತ್ತಿದ ನನ್ನದು. ಬೆಳಕಿನದೂ ಇಂಥದೇ ಕಥೆ. ಪರದೆ ತಾನೇ ಹೊಳೆಯುತ್ತದೆ, ಕಾಗದ ಹೊಳೆಯುವುದಿಲ್ಲ. ಆದ್ದರಿಂದ ಪರದೆಯಲ್ಲಿ ಸರಿಯಾಗಿ ಕಂಡದ್ದು ಹಾಳೆಯ ಮೇಲೆ ಸ್ವಲ್ಪ ಕಪ್ಪಾಗಿ ಬೀಳುತ್ತದೆ. ಮುದ್ರಣಕ್ಕೆ ಮುನ್ನ ಹೊಳಪನ್ನು ತುಸು ಏರಿಸುವುದು ಈಗ ನನಗೆ ರೂಢಿಯಾಗಿದೆ.

ತೊಂದರೆಗಳನ್ನು ಮುಚ್ಚಿಡಬೇಕಾಗಿಲ್ಲ. ಮುದ್ರಣದ ನಡುವೆ ಕಾಗದವು ಯಂತ್ರದ ಹಿಂಬದಿಗೂ ಇಣುಕುವುದರಿಂದ ಅದನ್ನು ಗೋಡೆಗೆ ಒತ್ತಿ ಇಡುವಂತಿಲ್ಲ. ಹಾಳೆಯ ಮೇಲೆ ಒಂದು ಧೂಳಿನ ಕಣ ಕೂತರೂ ಬಿಳಿ ಚುಕ್ಕೆ ಮೂಡುತ್ತದೆ. ಸೀಮೆಸುಣ್ಣದ ಪುಡಿ ಹಾರುವ ತರಗತಿಯಲ್ಲಿ ಈ ಯಂತ್ರವನ್ನು ಬಳಸಬೇಡಿ. ರಿಬ್ಬನ್ನೂ ಕಾಗದವೂ ಒಂದಕ್ಕೊಂದು ಜೊತೆಯಾಗಿಯೇ ಬರುವುದರಿಂದ ಬೇರೆ ಕಾಗದ ನಡೆಯುವುದಿಲ್ಲ. ಚಿತ್ರ ಅಂಚೆಚೀಟಿಯಷ್ಟಿರಲಿ, ಹಾಳೆ ತುಂಬ ಇರಲಿ, ರಿಬ್ಬನ್ನಿನಲ್ಲಿ ಆ ಹಾಳೆಯ ಪಾಲಿನ ಪಟ್ಟಿಗಳು ಪೂರ್ತಿ ಖರ್ಚಾಗುತ್ತವೆ. ಹಾಗಾಗಿ ಉಳಿತಾಯಕ್ಕೆ ಹಾಳೆ ತುಂಬಿಸುವುದೊಂದೇ ದಾರಿ: 100×148 ಮಿಲಿಮೀಟರಿನ ಹಾಳೆಯಲ್ಲಿ 35×45 ಮಿಲಿಮೀಟರಿನ ಗುರುತುಚಿತ್ರಗಳು ಎಂಟು ಹಿಡಿಯುತ್ತವೆ. ಎಂಟು ಬೇರೆ ಬೇರೆ ಮಕ್ಕಳನ್ನು ಒಂದೇ ಹಾಳೆಯಲ್ಲಿ ಜೋಡಿಸಿ ಒಂದು ಇಡೀ ತರಗತಿಯ ಗುರುತಿನ ಚೀಟಿಯ ಕೆಲಸವನ್ನು ಮಧ್ಯಾಹ್ನದ ಬಿಡುವಿನಲ್ಲಿ ಮುಗಿಸಿದ್ದೇವೆ.

ಆದರೆ ಕ್ರೀಡಾದಿನದ 60 ಚಿತ್ರಗಳನ್ನು ಒಂದೇ ಸಮ ಮುದ್ರಿಸಹೊರಟಾಗ ಯಂತ್ರ ಕಾದು, ತಣ್ಣಗಾಗಲು ಮತ್ತೆ ಮತ್ತೆ ತಾನಾಗಿ ನಿಂತಿತು. ಗೋಡೆಪತ್ರಿಕೆಗೂ ಪ್ರಾಜೆಕ್ಟ್ ಪುಟಗಳಿಗೂ ಎ4 ಅಳತೆ ಬೇಕೇ ಬೇಕು, ಅದು ಇದರಿಂದ ಆಗದ ಮಾತು. ದಿನವೂ ಬಳಕೆಯಿರುವ ಶಾಲೆಯಲ್ಲಿ ಇಂಕ್ ಟ್ಯಾಂಕ್ ಪ್ರಿಂಟರೇ (ಬಾಟಲಿಯಿಂದ ಶಾಯಿ ತುಂಬಿಸುವ ಇಂಕ್‌ಜೆಟ್) ಯೋಗ್ಯ. ಪ್ರತಿದಿನ ಓಡುವ ಯಂತ್ರದ ನಳಿಕೆಗಳು ಸುಲಭಕ್ಕೆ ಕಟ್ಟುವುದಿಲ್ಲ. ಅದರಲ್ಲಿ ಫೋಟೋ ಕಾಗದವನ್ನು ಹಾಕಿದಾಗ ಮುದ್ರಣದ ಸೆಟ್ಟಿಂಗ್‌ನಲ್ಲಿ ಕಾಗದದ ಬಗೆಯನ್ನೂ ‘ಫೋಟೋ’ ಎಂದು ಬದಲಿಸಬೇಕು, ಇಲ್ಲದಿದ್ದರೆ ಬಣ್ಣಗಳು ಪೇಲವವಾಗುತ್ತವೆ.

ಕೈಪಿಡಿಯನ್ನು ಬದಿಗಿಟ್ಟವರ ಗಮನಕ್ಕೆ ಬಾರದ ಒಂದು ಸಂಗತಿ ಉಳಿಯಿತು. ಮುಗಿದ ರಿಬ್ಬನ್ನನ್ನು ಬಿಚ್ಚಿ ಬೆಳಕಿಗೆ ಹಿಡಿದರೆ, ಬಣ್ಣ ಇಳಿದುಹೋದ ಜಾಗಗಳು ತಿಳಿಯಾಗಿ, ಮುದ್ರಿಸಿದ ಪ್ರತಿಯೊಂದು ಮುಖವೂ ನೆಗೆಟಿವ್‌ನಂತೆ ಸ್ಪಷ್ಟವಾಗಿ ಕಾಣುತ್ತದೆ. ಗುರುತಿನ ಚೀಟಿಗಳ ಕೆಲಸವಾದ ಮೇಲೆ ನಾವು ರಿಬ್ಬನ್ನನ್ನು ಹೊರಗೆಳೆದು, ಕತ್ತರಿಯಿಂದ ತುಂಡರಿಸಿಯೇ ಬುಟ್ಟಿಗೆ ಹಾಕುತ್ತೇವೆ.