ಅಣಕು ಸಂಧಾನದಲ್ಲಿ ನೈಲ್ ನದಿ: ಪ್ರೌಢಶಾಲಾ ವಿದ್ಯಾರ್ಥಿಗಳ ಎರಡು ದಿನಗಳ ರಾಜತಾಂತ್ರಿಕ ಅಭ್ಯಾಸ

ಅಣಕು ಸಂಸತ್ತಿಗೂ ಅಣಕು ವಿಶ್ವಸಂಸ್ಥೆಗೂ ಹಲವು ವರ್ಷಗಳಿಂದ ಮಕ್ಕಳನ್ನು ಸಿದ್ಧಗೊಳಿಸುತ್ತ ಬಂದಿರುವ ಶಿಕ್ಷಕಿಯಾದ ನನಗೆ, ಈಚೆಗೆ ನನ್ನ ತರಗತಿಯವರು ಭಾಗವಹಿಸಿದ ಈ ಸಂಧಾನದ ಅಭ್ಯಾಸವು ಬಹಳ ಮೆಚ್ಚುಗೆಯಾಯಿತು. ಇಲ್ಲಿ ಮತ ಎಣಿಕೆ ಇಲ್ಲ. ಉತ್ತಮ ಪ್ರತಿನಿಧಿ ಎಂಬ ಬಹುಮಾನವೂ ಇಲ್ಲ. ಎಲ್ಲ ನಿಯೋಗಗಳೂ ಸಹಿ ಹಾಕುವಂಥ ಒಪ್ಪಂದದ ಕರಡು ಸಿದ್ಧವಾಗಬೇಕು, ಅಷ್ಟೆ. ಆದ್ದರಿಂದ ಚೆನ್ನಾಗಿ ಭಾಷಣ ಮಾಡುವವರಿಗಿಂತ ಎದುರಿನವರ ಮಾತನ್ನು ಗಮನವಿಟ್ಟು ಕೇಳುವವರೇ ಇಲ್ಲಿ ಹೆಚ್ಚು ಸಾಧಿಸುತ್ತಾರೆ.

ಚರ್ಚೆಯ ವಿಷಯ, ಕೆಳಗಿನ ಸುಡಾನ್, ಈಜಿಪ್ಟ್‌ಗಳಿಗೆ ನೀರೊಯ್ಯುವ ನೀಲಿ ನೈಲ್ ನದಿಗೆ ಅಡ್ಡಲಾಗಿ ಇಥಿಯೋಪಿಯಾ ಕಟ್ಟಿದ ಮಹಾ ಅಣೆಕಟ್ಟು. ಸುಮಾರು 74 ಶತಕೋಟಿ ಘನ ಮೀಟರ್ ನೀರು ಹಿಡಿಯುವ ಆ ಜಲಾಶಯವನ್ನು ತುಂಬಿಸಲು ಆರಂಭಿಸಿದ್ದು 2020ರಲ್ಲಿ. ಅಭ್ಯಾಸದ ಕಾಲವನ್ನು ಅದಕ್ಕೆ ತುಸು ಮೊದಲಿಗೆ ನಿಗದಿಪಡಿಸಲಾಗಿದೆ. ನೈಲ್ ನೀರನ್ನು ವರ್ಷಕ್ಕೆ ಈಜಿಪ್ಟಿಗೆ 55.5 ಮತ್ತು ಸುಡಾನಿಗೆ 18.5 ಶತಕೋಟಿ ಘನ ಮೀಟರ್ ಎಂದು ಹಂಚಿದ 1959ರ ಒಪ್ಪಂದವನ್ನು ಈಜಿಪ್ಟಿನ ನಿಯೋಗ ಮುಂದಿಟ್ಟರೆ, ತಾನು ಸಹಿಯನ್ನೇ ಹಾಕದ ಒಪ್ಪಂದ ತನ್ನನ್ನು ಹೇಗೆ ಕಟ್ಟಿಹಾಕೀತು ಎಂದು ಇಥಿಯೋಪಿಯಾ ಕೇಳುತ್ತದೆ. 2015ರಲ್ಲಿ ಖಾರ್ಟೂಮಿನಲ್ಲಿ ಮೂರೂ ದೇಶಗಳು ಒಪ್ಪಿದ ಘೋಷಣೆಯಲ್ಲಿ ನ್ಯಾಯಸಮ್ಮತ ಬಳಕೆಯ ತತ್ತ್ವವೂ ಇದೆ, ಗಮನಾರ್ಹ ಹಾನಿ ಮಾಡಬಾರದೆಂಬ ತತ್ತ್ವವೂ ಇದೆ. ಪ್ರತಿ ನಿಯೋಗವೂ ತನಗೆ ಒಪ್ಪುವುದನ್ನು ಹಿಡಿದು ವಾದಿಸಿತು.

ಅಭ್ಯಾಸದ ಜೀವಾಳವಿರುವುದು ಪ್ರತಿ ನಿಯೋಗಕ್ಕೆ ಕೊಡುವ ಮುಚ್ಚಿದ ಲಕೋಟೆಯಲ್ಲಿ. ಬಹಿರಂಗವಾಗಿ ಏನು ಹೇಳಬೇಕು ಎಂಬುದು ಕಡತದಲ್ಲಿದ್ದರೆ, ನಿಜವಾಗಿ ಏನು ಬೇಕು, ಎಲ್ಲಿಯವರೆಗೆ ಬಗ್ಗಬಹುದು ಎಂಬುದು ಲಕೋಟೆಯಲ್ಲಿರುತ್ತದೆ. ಅಣೆಕಟ್ಟಿನಿಂದ ಪ್ರವಾಹ ತಗ್ಗುವುದು ಸುಡಾನಿಗೆ ಲಾಭವೇ. ಆದರೆ ಕೆಳಗಿರುವ ತನ್ನ ರೊಸೇರೆಸ್ ಅಣೆಕಟ್ಟಿನ ಸುರಕ್ಷತೆಗೆ ಮೇಲಿನಿಂದ ಬರುವ ನೀರಿನ ಲೆಕ್ಕ ಅದಕ್ಕೆ ದಿನವೂ ಸಿಗಬೇಕು. ಮೊದಲ ದಿನವೆಲ್ಲ ಈಜಿಪ್ಟಿನ ಮಾತಿಗೆ ತಲೆಯಾಡಿಸುತ್ತಿದ್ದ ಸುಡಾನಿನ ನಿಯೋಗದ ಹುಡುಗಿಯೊಬ್ಬಳು ವಿರಾಮದ ವೇಳೆ ಇಥಿಯೋಪಿಯಾದವರ ಬಳಿಗೆ ಹೋಗಿ, "ನೀರು ಬಿಡೋ ಲೆಕ್ಕ ದಿನಾ ಕೊಡ್ತೀರಾ?" ಎಂದು ನೇರವಾಗಿ ಕೇಳಿದಳು. ಮಾತುಕತೆ ಮುಂದಕ್ಕೆ ಸರಿದದ್ದು ಆ ಪ್ರಶ್ನೆಯಿಂದಲೇ.

ಎರಡನೆಯ ದಿನ ಕರಡಿನ ಒಂದೇ ಪದಕ್ಕೆ ನಲವತ್ತು ನಿಮಿಷ ಹಿಡಿಯಿತು. "ಇಥಿಯೋಪಿಯಾ ಪ್ರತಿದಿನ ಮಾಹಿತಿ ಒದಗಿಸತಕ್ಕದ್ದು" ಎಂದು ಈಜಿಪ್ಟ್ ಬರೆದಿತ್ತು. "ಒದಗಿಸಲು ಪ್ರಯತ್ನಿಸುವುದು" ಎಂದಿರಲಿ ಎಂದು ಇಥಿಯೋಪಿಯಾ ಪಟ್ಟುಹಿಡಿಯಿತು. ಕೊನೆಗೆ "ಮೂರೂ ದೇಶಗಳು ಪರಸ್ಪರ ಒದಗಿಸತಕ್ಕದ್ದು" ಎಂಬುದಕ್ಕೆ ಎಲ್ಲರೂ ಒಪ್ಪಿದರು: ಕ್ರಿಯಾಪದ ಉಳಿಯಿತು, ಕರ್ತೃಪದ ಬದಲಾಯಿತು. ವ್ಯಾಕರಣದ ತರಗತಿಯಲ್ಲಿ ಆಕಳಿಸುವ ಮಕ್ಕಳು ಒಂದು ಪ್ರತ್ಯಯಕ್ಕಾಗಿ ಹೀಗೆ ಹೋರಾಡುವುದನ್ನು ಕಂಡು ನನಗೆ ನಿಜಕ್ಕೂ ಸಂತೋಷವಾಯಿತು. (2015ರ ಪ್ಯಾರಿಸ್ ಹವಾಮಾನ ಒಪ್ಪಂದದಲ್ಲೂ ಕೊನೆಯ ಗಳಿಗೆಯಲ್ಲಿ ಇಂಥದೇ ಒಂದು ಕಡ್ಡಾಯಸೂಚಕ ಪದವನ್ನು ಸಡಿಲಿಸಬೇಕಾಯಿತು ಎಂದು ಅವರಿಗೆ ಆಮೇಲೆ ಹೇಳಿದೆ.)

ಕೊರತೆಗಳೂ ಇವೆ. ಹಿನ್ನೆಲೆಯ ಕಡತ ನಮ್ಮ ಕೈಸೇರಿದ್ದು ಎರಡೇ ದಿನ ಮೊದಲು. ಬರಗಾಲದ ವರ್ಷಗಳಲ್ಲಿ ಎಷ್ಟು ನೀರು ಬಿಡಬೇಕೆಂಬ ಕೋಷ್ಟಕಗಳಿಗೆ ವಿವರಣೆಯೇ ಇರಲಿಲ್ಲ. ಮಧ್ಯಸ್ಥಿಕೆಯ ತಂಡಕ್ಕೆ ಸಮಯ ನೋಡುವುದರ ಹೊರತು ಹೆಚ್ಚಿನ ಕೆಲಸವಿರಲಿಲ್ಲ. ಇವೆಲ್ಲ ಸುಲಭವಾಗಿ ಸರಿಪಡಿಸಬಹುದಾದವು.

ಆದರೆ ಕೊನೆಯ ಗಂಟೆಯಲ್ಲಿ ನಡೆದದ್ದು ನನಗೆ ಸರಿಕಾಣಲಿಲ್ಲ. ಬರಗಾಲದ ಅಂಶದಲ್ಲಿ ಮಾತುಕತೆ ನಿಂತುಹೋದಾಗ, ನಡೆಸಿಕೊಡುತ್ತಿದ್ದ ನಿರ್ವಾಹಕರು ತಾವೇ ಒಂದು ಸೂತ್ರವನ್ನು ಹಲಗೆಯ ಮೇಲೆ ಬರೆದು ಸಹಿ ಹಾಕಿಸಿದರು. "ಇದು ನಮ್ಮ ಒಪ್ಪಂದ ಅಲ್ಲ ಮಿಸ್" ಎಂದು ಇಥಿಯೋಪಿಯಾದ ಮುಖ್ಯಸ್ಥನಾಗಿದ್ದ ಹುಡುಗ ಬೇಸರದಿಂದ ಹೇಳಿದ್ದು ಪೂರ್ತಿ ಸರಿಯಾಗಿತ್ತು. ನಿಜ ಸಂಧಾನವೂ ಇಲ್ಲಿಯೇ ಎಡವಿದೆ: 2020ರ ಫೆಬ್ರವರಿಯಲ್ಲಿ ಅಮೆರಿಕದ ಮಧ್ಯಸ್ಥಿಕೆಯಲ್ಲಿ ವಾಷಿಂಗ್ಟನ್ನಿನಲ್ಲಿ ಸಿದ್ಧವಾದ ಕರಡಿಗೆ ಈಜಿಪ್ಟ್ ಕಿರುಸಹಿ ಹಾಕಿತು, ಇಥಿಯೋಪಿಯಾ ಆ ಸಭೆಗೆ ಬರಲೇ ಇಲ್ಲ, ಮೂರೂ ದೇಶಗಳನ್ನು ಕಟ್ಟುವ ಒಪ್ಪಂದವಿಲ್ಲದೆಯೇ 2025ರ ಸೆಪ್ಟೆಂಬರಿನಲ್ಲಿ ಅಣೆಕಟ್ಟಿನ ಉದ್ಘಾಟನೆಯಾಯಿತು. ಮಕ್ಕಳ ಕರಡು ಸಹಿಯಿಲ್ಲದೆ ಉಳಿದಿದ್ದರೆ, ಅದು ಏಕೆ ಉಳಿಯಿತೆಂದು ಚರ್ಚಿಸಲು ಒಂದಿಡೀ ಗಂಟೆ ಸಿಗುತ್ತಿತ್ತು. ನಮಗೆ ಸಿಕ್ಕದ್ದು ಹದಿನೈದು ನಿಮಿಷ.

ಹಾಗಿದ್ದರೂ ಒಂಬತ್ತು, ಹತ್ತನೆಯ ತರಗತಿಯ ಶಿಕ್ಷಕರಿಗೆ ಇದನ್ನು ಹಿಂಜರಿಕೆಯಿಲ್ಲದೆ ಸೂಚಿಸುತ್ತೇನೆ. ಕಡತವನ್ನು ಒಂದು ವಾರ ಮೊದಲೇ ಕೇಳಿ ಪಡೆಯಿರಿ, ನದಿಯ ನಕ್ಷೆಯನ್ನು ಮಕ್ಕಳ ಕೈಯಲ್ಲೇ ಬರೆಸಿ, ಮತ್ತು ಒಪ್ಪಂದ ಮುರಿದುಬೀಳುವಂತಿದ್ದರೆ ಬೀಳಲು ಬಿಡಬೇಕೆಂದು ನಿರ್ವಾಹಕರಿಗೆ ಮುಂಚಿತವಾಗಿಯೇ ತಿಳಿಸಿ.