ಪಂಪ್ ಇನ್ಹೇಲರಾ, ಪುಡಿ ಇನ್ಹೇಲರಾ? ವಯಸ್ಸು ನೋಡಿ ಆರಿಸಿ
ಆಸ್ತಮಾಗೆ ಇನ್ಹೇಲರ್ ಆರಿಸುವಾಗ ಮೊದಲು ನೋಡಬೇಕಾದದ್ದು ಉಸಿರೆಳೆಯುವ ಬಲ. ಕ್ಯಾಪ್ಸೂಲ್ ಹಾಕಿ ತಿರುಗಿಸುವ ರೋಟಾಹೇಲರ್ ತರಹದ ಪುಡಿ ಇನ್ಹೇಲರ್ ಜೇಬಿನಲ್ಲಿ ಹಿಡಿಸುತ್ತದೆ, ಪಂಪಿನ ಹಾಗೆ ಒತ್ತುವುದು, ಉಸಿರೆಳೆಯುವುದು ಒಟ್ಟಿಗೆ ಮಾಡುವ ತಲೆನೋವಿಲ್ಲ, ಆದರೆ ಜೋರಾಗಿ ಎಳೆಯದಿದ್ದರೆ ಮದ್ದು ಸರಿಯಾಗಿ ಒಳಗೆ ಇಳಿಯುವುದಿಲ್ಲ. ಕಾಲೇಜಿಗೆ, ಕೆಲಸಕ್ಕೆ ಹೋಗುವವರಿಗೆ ಸರಿ. 5 ವರ್ಷದೊಳಗಿನ ಮಗುವಿಗೆ ಬೇಡ.

ಪುಟ್ಟ ಮಕ್ಕಳಿಗೆ ಪಂಪ್ (ಒತ್ತಿದರೆ ಮದ್ದು ಚಿಮ್ಮುವ ಇನ್ಹೇಲರ್) ಜೊತೆ ಸ್ಪೇಸರ್ (ಪಂಪ್ ಮತ್ತು ಬಾಯಿಯ ನಡುವೆ ಜೋಡಿಸುವ ಟೊಳ್ಳು ಕೊಳವೆ), ಮಾಸ್ಕ್ ಹಾಕಿ ಕೊಡಿ. ಮಗು ಮಾಮೂಲಾಗಿ ಉಸಿರಾಡಿದರೆ ಸಾಕು. ಸ್ಪೇಸರ್ ದೊಡ್ಡದು, ಶಾಲೆ ಬ್ಯಾಗಿನಲ್ಲಿ ಇಡೋಕೆ ಕಷ್ಟ, ನಿಜ. ಆದರೂ ನನ್ನ ಮತ ಇದಕ್ಕೇ, ಯಾಕಂದ್ರೆ ಮದ್ದು ಗಂಟಲಲ್ಲೇ ಅಂಟಿಕೊಳ್ಳುವುದು ಕಡಿಮೆಯಾಗುತ್ತದೆ. ಸ್ಪೇಸರ್ ತೊಳೆದ ಮೇಲೆ ಬಟ್ಟೆಯಿಂದ ಒರೆಸಬೇಡಿ, ಹಾಗೇ ಒಣಗಲಿ.

ವಯಸ್ಸಾದವರಿಗೆ ಉಸಿರಿನ ಬಲ ಕಡಿಮೆ, ಕೈಬೆರಳು ನೋವು ಬೇರೆ. ಅವರಿಗೂ ಸ್ಪೇಸರ್ರೇ ಜಾಸ್ತಿ ಹೊಂದುತ್ತದೆ, ಒತ್ತಿಕೊಡಲು ಮನೆಯವರು ಇದ್ದರೆ ಒಳ್ಳೆಯದು.

ಗರ್ಭಿಣಿಯರೇ, ಯಾವುದೇ ಇರಲಿ, ಹೆದರಿ ಸುಮ್ನೆ ನಿಲ್ಲಿಸಬೇಡಿ. ಆಸ್ತಮಾ ಹಿಡಿತ ತಪ್ಪಿದರೆ ಮಗುವಿಗೇ ಹೆಚ್ಚು ಅಪಾಯ, ಡಾಕ್ಟರ್ ಹತ್ತಿರ ಮಾತಾಡಿ. ಸ್ಟಿರಾಯ್ಡ್ ಇನ್ಹೇಲರ್ ಆದರೆ ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಅಗ್ರ ಬರಬಹುದು.